ಗುಂಡಿಗೆ ಹೋಗದ ಹಾಡು

ಜನವರಿ 6, 2009. ಮಂಗಳವಾರ

ಇವತ್ತೂ ಆರೂವರೆ ಬಸ್ಸು. ಶಿಡ್ಲಘಟ್ಟದವರೆಗೆ ನಿಂತುಕೊಂಡೇ. ಇಡೀ ದಿನ ಬೇಸಿನ್‌ನ ಬಿಸಿನೀರಲ್ಲಿ ರೇಷ್ಮೆ ಗೂಡು ಬಿಚ್ಚಿ ಬೆರಳೆಲ್ಲ ಬೆಂದು ಬೆಳ್ಳಗಾಗಿವೆ. ಪೆನ್ನು ಜಾರುತ್ತದೆ. ಎರಡು ಸಲ ಸೋಪು ಹಾಕಿದರೂ ಸತ್ತ ಹುಳದ ವಾಸನೆ ಹೋಗಲಿಲ್ಲ.

ಪಕ್ಕದ ಬೇಸಿನ್ ಕದಿರಮ್ಮತ್ತೆಯದು. ನಾಲ್ಕು ದಿನದಿಂದ ಬಂದಿಲ್ಲ. ಕೆಮ್ಮಿದರೆ ರಕ್ತ. ಅವಳ ಜಾಗಕ್ಕೆ ಬೇರೆ ಹುಡುಗಿಯನ್ನು ಕೂರಿಸಿದ್ದಾರೆ. ನೂಲು ಮತ್ತೆ ಮತ್ತೆ ಕಡಿಯುತ್ತಾಳೆ, ಪಾಪ.

ಅಜ್ಜಿ ಸಂಜೆ ಕೇಳಿದಳು, "ದಿಬ್ಬೂರಳ್ಳಿ ಮುದುಕಿ ಇವತ್ತೋ ನಾಳೆಯೋ ಅನ್ನಂಗವಳಂತೆ. ಎರಡು ಸಾಲು ಕಟ್ಟಿಡು ಕಣಮ್ಮ." ಕಟ್ಟಿಡಬೇಕು. ಸಾವಿನ ಮನೆಯಲ್ಲಿ ಹಾಡುವುದು ಅಜ್ಜಿ. ಪದ ಕಟ್ಟುವುದು ನಾನು. ಗಂಗುಲಮ್ಮನ ಬಾಯಲ್ಲಿ ಸರಸ್ವತಿ ಇದ್ದಾಳೆ ಅಂತಾರೆ ಎಲ್ಲರೂ. ಇರಲಿ. ನಾಲ್ಕು ಜನರೆದುರು ನಿಂತರೆ ನನ್ನ ಹೆಸರು ಹೇಳುವುದಕ್ಕೂ ಬಾಯಿ ಬರುವುದಿಲ್ಲ. ಐದನೇ ಕ್ಲಾಸಿಗೆ ಬಿಟ್ಟವಳು ಡೈರಿ ಬರೆಯುತ್ತಾಳೆ ಅಂತಲೂ ಯಾರಿಗೂ ಗೊತ್ತಿಲ್ಲ. ರಾಗಿ ಡ್ರಮ್ಮಿನ ಹಿಂದೆ ಇದರ ಜಾಗ.

ಜನವರಿ 18, ಭಾನುವಾರ

ಕದಿರಮ್ಮತ್ತೆ ಹೇಳಿ ಕಳಿಸಿದ್ದಳು. ಹೋದೆ. ಅವಳ ಗಂಡ ನಲ್ಲಪ್ಪಮಾವ ನನ್ನ ಮುಖ ನೋಡಿದ, ತಾನಾಗಿಯೇ ಎದ್ದು ಬಾಗಿಲು ಎಳೆದುಕೊಂಡು ಹೊರಗೆ ಹೋದ.

"ಯಶೋದಾ, ಪದ ಕಟ್ಟೋದು ನೀನೇ ಅಂತ ನಂಗೊತ್ತು ಕಣೇ. ನಿಮ್ಮಜ್ಜಿಗೆ ಬೈಯೋಕೆ ಬಿಟ್ರೆ ಅಷ್ಟು ಚೆಂದ ಮಾತೆಲ್ಲಿ ಬರ್ತದೆ?" ನಗಲು ಹೋಗಿ ಕೆಮ್ಮು. ಬಟ್ಟೆ ಕೆಂಪಾಯಿತು. "ನಂದೂ ಕಟ್ಬಿಡು. ಹೊರೆ ಇಳಿಸ್ಬಿಡು. ಹಗೂರ ಮಲ್ಕೋಬೇಕು."

ಹೊರೆ ಇಳಿಸುವ ಹಾಡು. ಗಂಡಸರು ಗುಂಡಿ ತೋಡಲು ಹೋದ ಮೇಲೆ, ಹೆಣದ ಸುತ್ತ ಹೆಂಗಸರಷ್ಟೇ ಇರುವಾಗ ಹಾಡುವುದು. ಸತ್ತವಳು ಬದುಕಿದ್ದಾಗ ಹೇಳಲಾಗದ್ದನ್ನೆಲ್ಲ ಅಜ್ಜಿ ಹೇಳುತ್ತಾಳೆ. ಹೆತ್ತ ಮಕ್ಕಳು ಕೇಳಬಾರದು, ಅವರನ್ನು ನೀರಿಗೆ ಕಳಿಸುತ್ತಾರೆ. ಹಾಡು ಮುಗಿದ ಮೇಲೆ ಎಲ್ಲರೂ ಬಾಯಿ ಮುಕ್ಕಳಿಸಿ ಉಗಿಯಬೇಕು. ಮಾತು ಹೆಣದ ಜೊತೆ ಗುಂಡಿಗೆ ಹೋಗುತ್ತದೆ. ಮತ್ತೆ ಎತ್ತಿದವಳ ಬಾಯಿಗೆ ಹುಳ ಬೀಳುತ್ತದೆ ಅಂತ. ನಮ್ಮ ಬೀದಿಯಲ್ಲಿ ಇದುವರೆಗೆ ಯಾರೂ ಎತ್ತಿಲ್ಲ.

ಅತ್ತೆ ಹೇಳಿದಳು. ಹತ್ತೊಂಬತ್ತು ವರ್ಷದ ಹಿಂದೆ. ದೊಡ್ಡ ಮನೆ ಆವಲಪ್ಪನ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುತ್ತಿದ್ದಾಗ. ಹುಳು ನಾಲ್ಕನೇ ಜ್ವರ ಎದ್ದಿದ್ದವು, ಪೊರೆ ಬಿಟ್ಟು ಹಸಿದಿದ್ದವು, ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಹುಳುಮನೆಗೆ ಸೊಪ್ಪಿನ ಹೊರೆ ಹೊತ್ತುಕೊಂಡು ಹೋದವಳು ತಿರುಗಿ ನೋಡುವಷ್ಟರಲ್ಲಿ ಬಾಗಿಲು ಹಾಕಿಕೊಂಡಿತ್ತು. ಮಗಳು ತನುಜ ಅವನದು.

"ಹೆಸ್ರು ಹಾಕ್ಲಾ ಅತ್ತೆ?"

"ಹಾಕು. ಹೆಸ್ರೇ ಭಾರ ಕಣೇ."

ಇನ್ನೊಂದು ವಿಷಯವನ್ನೂ ಹೇಳಿದಳು. ಆಸ್ಪತ್ರೆ ಬೆಂಚಿನದು. ಅದನ್ನು ಹೇಳುವಾಗ ಮಾತ್ರ ಅವಳ ಮುಖ ಸಡಿಲವಾಯಿತು. ಡೈರಿಯ ಕೊನೆ ಪುಟದಲ್ಲಿ ಬರೆದಿಟ್ಟಿದ್ದೇನೆ.

ಜನವರಿ 24

ಹಾಡು ಆಯಿತು. ಹದಿನೆಂಟು ಸಾಲು.

ಸೊಪ್ಪು ಹೊತ್ತು ಹೋದವಳ ಹಿಂದೆ ಕದವ ಹಾಕಿದನ್ಯಾರವ್ವ
ಸಾವಿರ ಹುಳ ಮೇಯುವ ಸದ್ದಲ್ಲಿ ನಿನ್ನೊಂದು ಕೂಗು ಯಾರಿಗೆ ಕೇಳೀತವ್ವ
ಹುಳ ಕಟ್ಟಿದ ಗೂಡ ಸಂತೆಗೆ ಹೊತ್ತರು, ನೀ ಕಟ್ಟಿದ ಗೂಡ ಎದೆಯಾಗೆ ಹೊತ್ತೆಯವ್ವ

ಬೆಂಚಿನ ವಿಷಯ ಕೂರಲಿಲ್ಲ. ನಾಲ್ಕು ಸಲ ತಿದ್ದಿದೆ. ಬೆಂಚು, ಬಸ್ಸು, ಬೋಂಡ... ಹಾಡಿನಲ್ಲಿ ತಂದರೆ ನಗು ಬರುತ್ತದೆ. ಬಿಟ್ಟೆ.

ಅಜ್ಜಿಗೆ ಓದಿ ಹೇಳಿದೆ. ಅವಳು ಒಂದೊಂದೇ ಸಾಲು ಬಾಯಿಗೆ ಹಾಕಿಕೊಂಡು ನುರಿದಳು, ಎಲೆಅಡಿಕೆ ನುರಿದ ಹಾಗೆ. "ಏಮಮ್ಮಾ, ಇದನ್ನ ಹಾಡಿದ್ರೆ ನನ್ನ ಎದೆ ಒಡೀತದೆ" ಅಂದಳು.

ಜನವರಿ 27, ಮಂಗಳವಾರ

ಅತ್ತೆ ಬೆಳಿಗ್ಗೆ ನಾಲ್ಕಕ್ಕೆ ಹೋದಳಂತೆ. ಮಧ್ಯಾಹ್ನ ಮಣ್ಣು.

ಗಂಡಸರು ಹೊರಟ ಮೇಲೆ ತನುಜಳ ಕೈಗೆ ಬಿಂದಿಗೆ ಕೊಟ್ಟು ಬೋರ್‌ವೆಲ್ಲಿಗೆ ಕಳಿಸಿದರು. ಅಜ್ಜಿ ಹಾಡಿದಳು. ಯಾರ ಕಣ್ಣೂ ಒಣಗಿರಲಿಲ್ಲ. ಆವಲಪ್ಪನ ಹೆಸರು ಬಂದಾಗ ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲರೂ ಬಾಯಿ ಮುಕ್ಕಳಿಸಿದರು. ನಾನೂ.

ಒಂದು ಕೆಲಸ ಮಾಡಿದೆ. ದೀಪಾವಳಿಗೆ ತೆಗೆದುಕೊಂಡ ಸೆಕೆಂಡ್‌ಹ್ಯಾಂಡ್ ಚೈನಾ ಮೊಬೈಲ್ ಸೆಟ್ಟನ್ನು ಸೆರಗಿನೊಳಗೆ ಹಿಡಿದು ರೆಕಾರ್ಡ್ ಒತ್ತಿದೆ. ಅಜ್ಜಿಗೆ ಎಪ್ಪತ್ತಾಯಿತು. ಮರೆಯುತ್ತಾಳೆ.

ಅದಲ್ಲ. ಇಲ್ಲಿ ಸುಳ್ಳು ಬರೆದು ಏನು ಮಾಡಲಿ. ನಾನು ಕಟ್ಟಿದ್ದು ಹೊರಗಿನಿಂದ ಹೇಗೆ ಕೇಳುತ್ತದೆ ಅಂತ ಒಂದು ಸಲ ಕೇಳಬೇಕಿತ್ತು. ಅಷ್ಟೇ ಆಸೆ.

ಫೆಬ್ರವರಿ 8

ಹಿಪ್ಪುನೇರಳೆ ಸಾಲಿನ ಮಧ್ಯೆ ಕೂತು ಕೇಳಿದೆ. ಮೂರು ಸಲ. ಮೈ ಜುಂ ಅಂದಿತು. ಇದು ನಾನಾ?

ಬಸ್‌ಸ್ಟ್ಯಾಂಡ್ ಹತ್ತಿರ ಚಲಪತಿಯ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಸಿನಿಮಾ ಹಾಡು ತುಂಬಿಸಿಕೊಂಡೆ. ಇಪ್ಪತ್ತು ರೂಪಾಯಿಗೆ ಕಾರ್ಡ್ ಫುಲ್. ಕಂಪ್ಯೂಟರಿಗೆ ಕಾರ್ಡು ಹಾಕಿ ಚಹಾ ಕುಡಿಯಲು ಹೋದ. ಅರ್ಧ ಗಂಟೆ ಹೊರಗೆ ನಿಂತೆ. ಒಳಗೆ ಕೂತ್ಕೊಳ್ಳಮ್ಮಾ ಅಂದರೂ ಹೋಗಲಿಲ್ಲ, ಬರೀ ಗಂಡಸರು.

ಫೆಬ್ರವರಿ 26, ಗುರುವಾರ. ಸಂಜೆ 7

ಬಸ್ಸಿಳಿದು ಬಂದವಳು ಮೊದಲು ಡೈರಿ ತೆಗೆದೆ.

ಐದೂಕಾಲರ ಬಸ್ಸು. ಡ್ರೈವರ್ ಹಾಡು ಹಾಕಿದ್ದ. ಮೊದಲು ಬರೀ ಡೋಲು, ಢಂಕು ಟಕ ಢಂಕು ಟಕ. ಆಮೇಲೆ — ಅಜ್ಜಿಯ ಗಂಟಲು. 'ಸೊಪ್ಪು ಹೊತ್ತು ಹೋದವಳ ಹಿಂದೆ...' ಅದರ ಕೆಳಗೆ ಟಕ ಟಕ ತಾಳ. ಕಂಡಕ್ಟರ್ ಕಂಬಿಗೆ ಬೆರಳು ಬಡಿಯುತ್ತಿದ್ದ.

"ಯಾವ್ದಣ್ಣಾ ಇದು, ಸಖತ್ತಾಗದೆ?"

"ಬ್ಲೂಟೂತ್ ಆನ್ ಮಾಡು, ಕಳಿಸ್ತೀನಿ. ಸಿಡ್ಲಘಟ್ಟ ಪೂರಾ ಇದೇ ಈಗ."

ಆವಲಪ್ಪ ಅಂತ ಬಂದಾಗ ಹಿಂದಿನ ಸೀಟಿನಲ್ಲಿ ಶಿಳ್ಳೆ.

ಮೂರನೇ ಸೀಟಿನಲ್ಲಿ ತನುಜ. ಕಾಲೇಜ್ ಬ್ಯಾಗು ತೊಡೆಯ ಮೇಲೆ. ಹಾಡಿನಲ್ಲಿ ಅವಳ ಹೆಸರು ಬಂತು. ತಿರುಗಲಿಲ್ಲ. ಜಡೆ ಕೂಡ ಅಲುಗಲಿಲ್ಲ. ನಮ್ಮೂರು ಬಂತು, ನಾನು ಇಳಿದೆ. ಅವಳು ಇಳಿಯಲಿಲ್ಲ. ಬಸ್ಸು ಅವಳನ್ನು ಕೂರಿಸಿಕೊಂಡು ಹಾಗೇ ಮುಂದೆ ಹೋಯಿತು.

ಕೂಗಬೇಕಿತ್ತು. ಬಾಯಿ ಬರಲಿಲ್ಲ.

ಫೆಬ್ರವರಿ 27

ತನುಜ ಕೊನೇ ಸ್ಟಾಪಿನಿಂದ ನಡೆದುಕೊಂಡು ಬಂದಳಂತೆ. ಚಪ್ಪಲಿ ಕೈಯಲ್ಲಿತ್ತಂತೆ.

ಕೆಲಸ ಬಿಟ್ಟು ಚಲಪತಿ ಅಂಗಡಿಗೆ ಹೋದೆ. ಮೂರು ಗಿರಾಕಿ ಹೋಗುವವರೆಗೂ ಕಾದೆ.

"ಅಣ್ಣಾ, ಆ ಹಾಡು... ನನ್ ಕಾರ್ಡಲ್ಲಿತ್ತು."

"ಯಾವ್ದಮ್ಮಾ? ಓ, ಹುಳದ ಹಾಡಾ? ಇರ್ಬೋದು. ಯಾರ್ ಕಾರ್ಡ್ ಬಂದ್ರೂ ಪೂರಾ ಕಾಪಿ ಹಾಕ್ಕೊಂತೀನಿ. ಇಲ್ದಿದ್ರೆ ಹೊಸ ಹಾಡು ಎಲ್ಲಿಂದ ತರ್ಲಿ ನಾನು, ಹೊಲದಲ್ಲಿ ಬೆಳೀಲಾ?"

"ಅಳಿಸ್ಬಿಡಣ್ಣಾ."

ನಕ್ಕ. ಕೆಟ್ಟ ನಗುವಲ್ಲ. ಅದೇ ಕಷ್ಟ. "ಇಲ್ಲಿ ಅಳಿಸ್ತೀನಿ ಬಿಡು, ನಿನ್ ಮುಂದೇನೇ. ತಗೋ, ಡಿಲೀಟ್. ಆಯ್ತಾ? ಈಗ ಚಿಂತಾಮಣೀಲಿ ಇರೋದನ್ನ ಯಾರು ಅಳಿಸ್ತಾರೆ? ಗೌರಿಬಿದನೂರಲ್ಲಿ ಇರೋದನ್ನ? ಚೆಲ್ಲಿದ ಸಾಸಿವೆ ಕಣಮ್ಮ."

ಬಾಗಿಲಲ್ಲಿ ಒಬ್ಬ ಬಂದು ಕೇಳಿದ, "ಹುಳದ ಹಾಡೈತಾ?" ಚಲಪತಿ ನನ್ನ ಮುಖ ನೋಡಿದ. ಆಮೇಲೆ ಇನ್ನೊಂದು ಫೋಲ್ಡರ್ ತೆರೆದ.

ಮಾರ್ಚ್ 3

ಪಕ್ಕದ ಮನೆಯವರ ಫೋನಲ್ಲಿ ಹಾಡು ಬಂತು. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು.

"ಅದ್ಯಾರೇ ಅದು, ನನ್ನ ಗಂಟ್ಲಲ್ಲಿ ಹಾಡ್ತಿರೋದು?"

ಹೇಳಿದೆ. ಸೆರಗು, ಫೋನು, ಕಾರ್ಡು, ಎಲ್ಲ. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು. ಬಿಂದಿಗೆ ನೀರು ಖಾಲಿ ಆಗುವವರೆಗೂ.

"ಹೆಣಾನ ಗುಂಡಿಯಿಂದ ಎತ್ತಿ ಸಂತೇಲಿ ಕೂರಿಸ್ದಲ್ಲೇ" ಅಂದಳು.

ನಗರಗೆರೆಯಿಂದ ಒಬ್ಬರು ಬಂದಿದ್ದರು, ಆರ್ಕೆಸ್ಟ್ರಾದಲ್ಲಿ ಹಾಡುತ್ತೀಯಾ ಗಂಗುಲಮ್ಮಾ ಅಂತ. ಅವರಿಗೆ ಅವರೆಕಾಯಿ ಸಿಪ್ಪೆ ಎಸೆದು ಓಡಿಸಿದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಮಾರ್ಚ್ 9

ತನುಜ ಕಾಲೇಜಿಗೆ ಹೋಗುತ್ತಿಲ್ಲ. ಹತ್ತು ದಿನಕ್ಕೆ ಪಿಯುಸಿ ಪರೀಕ್ಷೆ. ನಲ್ಲಪ್ಪಮಾವನ ಜೊತೆ ಮಾತಿಲ್ಲವಂತೆ. ಅಪ್ಪ ಅಂತ ಕರೆದಿಲ್ಲವಂತೆ. ಅವನು ಮುದ್ದೆ ಮಾಡಿ ಅವಳ ಬಾಗಿಲ ಮುಂದೆ ಇಟ್ಟು ಹೋಗುತ್ತಾನೆ. ತಟ್ಟೆ ಹಾಗೇ ಇರುತ್ತದೆ.

ಇವತ್ತು ಅವಳು ಬಾವಿ ಕಡೆ ಹೋದಳು ಅಂತ ಯಾರೋ ಕೂಗಿದರು. ಬೀದಿಗೆ ಬೀದಿಯೇ ಓಡಿತು. ಬಟ್ಟೆ ಒಗೆಯಲು ಹೋಗಿದ್ದಳು. ಬಕೆಟ್ ಕೈಯಲ್ಲಿ ಹಿಡಿದು ಎಲ್ಲರನ್ನೂ ನೋಡಿದಳು. "ಏನು, ಇದ್ನೂ ರೆಕಾರ್ಡ್ ಮಾಡ್ಕೊಂತೀರಾ?" ಅಂದಳು.

ವಾಪಸು ಬರುವಾಗ ಮಾವ ನನ್ನ ಪಕ್ಕದಲ್ಲಿ ನಡೆದ.

"ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣಮ್ಮ. ಗೊತ್ತಿರೋದು ಬೇರೆ. ಬಸ್ಸಲ್ಲಿ ಕೇಳೋದು ಬೇರೆ."

ಬರೆದವಳು ನಾನು ಅಂತ ಅವನಿಗೆ ಗೊತ್ತಿದೆಯೋ ಇಲ್ಲವೋ. ಕೇಳಲು ಧೈರ್ಯವಾಗಲಿಲ್ಲ.

ಮಾರ್ಚ್ 16, ಸೋಮವಾರ

ಆವಲಪ್ಪನ ಮಗ ಮೋಹನ್‌ಬಾಬು ಬಂದಿದ್ದ. ಎರಡು ಬೈಕು, ನಾಲ್ಕು ಜನ. ಬೀದಿಯೊಳಗೆ ಬರಲಿಲ್ಲ. ತಿರುವಿನಲ್ಲಿ ನಿಂತು ಹಾರ್ನ್ ಮಾಡಿದ. ನಾವೇ ಹೋದೆವು.

"ಗಂಗುಲಮ್ಮಾ, ನೀನು ಹಾಡಿದ್ದು. ಒಪ್ಪಣ. ಬರ್ದಿದ್ಯಾರು?"

"ಬಾಯಿಗೆ ಬಂದಿದ್ದು ಹಾಡ್ದೆ ಸ್ವಾಮಿ."

"ನಿನ್ನ ಬಾಯಿಗೆ ಇಷ್ಟೆಲ್ಲಾ ಬರಲ್ಲ ಬಿಡು. ಪಿಯುಸಿ ಓದೋಳ ಕೈ ಇದು. ತನುಜ ಅನ್ನೋಳು. ದುಡ್ಡು ಕೀಳೋಕೆ ಸತ್ತ ತಾಯೀನೇ ಬೀದಿಗೆ ತಂದವಳೆ. ಆ ಬೀದೀಲಿ ಇನ್ಯಾರಿಗೆ ಬರಿಯಾಕೆ ಬರ್ತದೆ?" ಸುತ್ತ ನೋಡಿದ. ನನ್ನ ಮೇಲೆ ಕಣ್ಣು ನಿಂತಿತು. ಬಿಂದಿಗೆ ಹಿಡಿದು ನಿಂತಿದ್ದೆ. "ಏನಮ್ಮಾ, ನೀನೇನಾ ಕವಿ?"

ಅವನ ಜೊತೆಯವರು ನಕ್ಕರು. ನಮ್ಮವರೂ ಒಬ್ಬಿಬ್ಬರು ನಕ್ಕರು.

ನಾನೇ ಅನ್ನಬಹುದಿತ್ತು. ಎರಡೇ ಅಕ್ಷರ. ನೆಲ ನೋಡಿದೆ.

ತನುಜಳಿಗೆ ತಲುಪಿಸಿ ಅಂತ ಒಂದು ಕಾಗದ ಕೊಟ್ಟು ಹೋದ. ಟೈಪು ಮಾಡಿಸಿದ್ದು. 'ನನ್ನ ತಾಯಿ ಹೇಳಿದ್ದೆಲ್ಲ ಸುಳ್ಳು. ಹಾಡು ಬರೆದು ಹಬ್ಬಿಸಿದವಳು ನಾನು. ಕ್ಷಮೆ ಕೇಳುತ್ತೇನೆ.' ಕೆಳಗೆ ತನುಜಳ ಹೆಸರು, ಸೈನಿಗೆ ಜಾಗ. ಏಪ್ರಿಲ್ ಇಪ್ಪತ್ತರೊಳಗೆ ಸೈನ್ ಹಾಕಬೇಕು. ಇಲ್ಲದಿದ್ದರೆ ಅವಳ ಮೇಲೆ ಮಾನನಷ್ಟ ಮೊಕದ್ದಮೆ. "ಕೇಸ್ ಬಿದ್ದೋಳಿಗೆ ಯಾವ ಕಾಲೇಜು, ಯಾವ ಕೆಲ್ಸ? ಯೋಚ್ನೆ ಮಾಡಿ."

ಮಾರ್ಚ್ 19

ಪರೀಕ್ಷೆ ಶುರು. ತನುಜ ಹೋಗಲಿಲ್ಲ.

ಏಪ್ರಿಲ್ 4

ಎರಡು ವಾರ ಬರೆದಿಲ್ಲ. ಬರೆಯುವುದರಿಂದಲೇ ಇಷ್ಟೆಲ್ಲ ಆಗಿದ್ದು. ಡೈರಿಯನ್ನು ಬಚ್ಚಲ ಒಲೆಯವರೆಗೂ ಒಯ್ದಿದ್ದೆ. ಕೊನೆ ಪುಟದಲ್ಲಿ ಅತ್ತೆಯ ಬೆಂಚಿನ ಮಾತಿದೆ. ವಾಪಸು ತಂದೆ.

ಚಲಪತಿ ಅಂಗಡಿಯ ಮುಂದೆ ಪೋಸ್ಟರು. 'ಹುಳದ ಮನೆ — ಜಾನಪದ ಸೂಪರ್ ಹಿಟ್ಸ್. ಸಿ.ಡಿ. ಏಪ್ರಿಲ್ 25ಕ್ಕೆ.' ಸಂಗ್ರಹ: ಚಲಪತಿ.

ಹೋದೆ. ಈ ಸಲ ಗಿರಾಕಿಗಳಿದ್ದರೂ ಹೇಳಿದೆ. ಹೇಗೆ ಹೇಳಿದೆನೋ.

"ಅದು ನಂದು. ನಾನು ಬರ್ದಿದ್ದು. ಸಿಡಿ ಮಾಡ್ಬೇಡಿ."

"ನಿಂದಾ?" ಚಲಪತಿ ಸ್ಟೂಲಿನಿಂದ ಇಳಿದ. "ಎಷ್ಟು ಓದಿದ್ದೀಯಮ್ಮಾ?"

"ಐದು."

ಅಂಗಡಿಯೆಲ್ಲ ನಕ್ಕಿತು. ಅವನೊಬ್ಬ ನಗಲಿಲ್ಲ. "ಜಾನಪದಕ್ಕೆ ಯಾರೂ ವಾರಸುದಾರರಿರಲ್ಲ ಕಣಮ್ಮ. ಸಾವಿರ ವರ್ಷದಿಂದ ಯಾರೋ ಹಾಡಿದ್ದು, ಯಾರೋ ಬಿಟ್ಟಿದ್ದು. ನಿಂದು ಅಂತ ಬರ್ಕೊಂಡಿದ್ಯಾ ಎಲ್ಲಾದ್ರೂ? ತೋರ್ಸು. ತೋರಿಸಿದ್ರೆ ನಿಲ್ಲಿಸ್ತೀನಿ, ನಮ್ಮಪ್ಪನಾಣೆ."

ಸಾವಿರ ವರ್ಷ. ಜನವರಿ 24ಕ್ಕೆ ಬರೆದದ್ದು.

ಏಪ್ರಿಲ್ 13, ಸೋಮವಾರ

ಚಿಕ್ಕಬಳ್ಳಾಪುರ. ಕೋರ್ಟಿನ ಎದುರು ಲಾಯರ್ ನರಸಿಂಹಪ್ಪನವರ ಆಫೀಸು. ಅಜ್ಜಿಯ ದೂರದ ಪರಿಚಯ. ಫೀಸು ಕೇಳಲಿಲ್ಲ. ಎಲ್ಲ ಹೇಳಿಸಿಕೊಂಡರು. ನನಗೆ ಮಾತು ನಿಂತಾಗಲೆಲ್ಲ ಕಿಟಕಿ ಕಡೆ ನೋಡುತ್ತಾ ಕಾದರು.

ಮೊದಲು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಇಂಟರ್ನೆಟ್ಟಿನಲ್ಲೂ ಇದೆ. ಯಾರೋ ಹಾಕಿದ್ದಾರೆ. ಹಾಡಿನ ಜೊತೆ ಯಾರದೋ ಹೆಂಗಸಿನ ಫೋಟೋ, ನಮಗೆ ಗೊತ್ತಿಲ್ಲದವಳು. ಆರು ಸಾವಿರ ಜನ ಕೇಳಿದ್ದಾರೆ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಮಾತು. ಅವರೇ ಓದಿ ಹೇಳಿದರು. ಒಬ್ಬ 'ಸೂಪರ್ ಮಗಾ' ಅಂತ. ಒಬ್ಬ 'ಈ ತನುಜ ಯಾರು, ಫೋಟೋ ಇದ್ಯಾ' ಅಂತ. ಒಬ್ಬಳು, ದುಬೈನಲ್ಲಿರುವವಳಂತೆ, 'ನಮ್ಮಮ್ಮಂಗೂ ಹೀಗೇ ಆಗಿತ್ತು, ಇವತ್ತು ಮೊದಲ ಸಲ ಅತ್ತುಬಿಟ್ಟೆ' ಅಂತ.

ಅದನ್ನು ಕೇಳಿ ಒಂದು ಕ್ಷಣ... ಏನು ಅಂತ ಬರೆಯಲಿ. ಬರೆಯುವುದಿಲ್ಲ. ಫೋಟೋ ಇದ್ಯಾ ಅಂತ ಕೇಳಿದವನೂ ಅದೇ ಹಾಡು ಕೇಳಿದ್ದಾನೆ.

"ನೋಡಮ್ಮಾ, ಬರ್ದ ಕ್ಷಣದಿಂದ್ಲೇ ಅದು ನಿಂದು. ರಿಜಿಸ್ಟರ್ ಆಗ್ಬೇಕು ಅಂತೇನಿಲ್ಲ. ಐದನೇ ಕ್ಲಾಸೋ ಎಂಎನೋ, ಕಾನೂನು ಕೇಳಲ್ಲ. ಸಿಡಿ ನಿಲ್ಲಿಸ್ಬೋದು. ಇಂಟರ್ನೆಟ್ ಕಂಪನಿಗೂ ಬರೀಬೋದು. ಆದ್ರೆ ನಿಂದು ಅನ್ನೋದಕ್ಕೆ ಸಾಕ್ಷಿ?"

"ಡೈರಿ ಇದೆ ಸಾರ್. ಚಿತ್ತು ಹೊಡ್ದಿದ್ದೂ ಅದ್ರಲ್ಲೇ ಇದೆ."

ಅವರ ಮುಖ ಬೆಳಗಿತು. "ಅದೇ ಬೇಕಾಗಿದ್ದು! ಚಿತ್ತೇ ದೊಡ್ಡ ಸಾಕ್ಷಿ. ತನುಜ ಬರೆದಿದ್ದಲ್ಲ ಅಂತಲೂ ಅದ್ರಿಂದ್ಲೇ ಸಾಬೀತಾಗ್ತದೆ. ಒರಿಜಿನಲ್ ಕೋರ್ಟಿಗೆ. ಆ ಕಡೆ ಲಾಯರಿಗೆ ಒಂದು ಜೆರಾಕ್ಸ್."

"ಹಾಡಿರೋ ಪುಟ ಮಾತ್ರ ಸಾಕಲ್ವಾ ಸಾರ್?"

"ಒಂದು ಪುಟ ಕಿತ್ತು ಕೊಟ್ರೆ ಈಗ ಬರ್ದು ತಂದವಳೆ ಅಂತಾರೆ. ಪುಸ್ತಕ ಪೂರಾ ತೋರ್ಸು ಅಂತಾರೆ. ಓದ್ತಾರೆ." ಕನ್ನಡಕ ತೆಗೆದರು. "ಇನ್ನೊಂದು. ಹಾಡು ನಿಂದು ಅಂತ ಒಪ್ಕೊಂಡ್ರೆ, ಹಾಡಲ್ಲಿರೋ ಮಾತೂ ನಿಂದೇ. ಮೊಕದ್ದಮೆ ತನುಜಾನ ಬಿಟ್ಟು ನಿನ್ ಮೇಲೆ ಬರ್ತದೆ. ನಾನಿರ್ತೀನಿ. ಆದ್ರೂ ಯೋಚ್ನೆ ಮಾಡು."

ಅದಕ್ಕೆ ಯೋಚನೆ ಬೇಕಾಗಿಲ್ಲ. ನನ್ನ ಮೇಲೇ ಬರಲಿ. ಆದರೆ ಡೈರಿ. ಜನವರಿ 18 ಇದರಲ್ಲಿದೆ. ಹಾಡಿನಲ್ಲಿ ಹದಿನೆಂಟು ಸಾಲು ಅಷ್ಟೇ ಇರುವುದು. ಬಾಗಿಲು ಹಾಕಿಕೊಂಡ ಮೇಲೆ ಆಗಿದ್ದನ್ನು ಅತ್ತೆ ಹೇಳಿದ ಹಾಗೇ ಬೇರೆ ಹಾಳೆಗಳಲ್ಲಿ ಬರೆದು ಆ ಪುಟಕ್ಕೇ ಅಂಟಿಸಿದ್ದೇನೆ. ಅಂಟಿಸುವಾಗ ಯಾರು ಓದುತ್ತಾರೆ ಅಂದುಕೊಂಡಿದ್ದೆ. ಇನ್ನು ಮೋಹನ್‌ಬಾಬುವಿನ ಲಾಯರು ಓದುತ್ತಾನೆ. ಗುಮಾಸ್ತ ಓದುತ್ತಾನೆ. ಜೆರಾಕ್ಸ್ ಅಂಗಡಿಯವನು ಒಂದೊಂದೇ ಹಾಳೆ ತಿರುವುತ್ತಾನೆ.

ಹಾಡು ನಿಲ್ಲಿಸಲು ಹಾಡಿಗಿಂತ ದೊಡ್ಡದನ್ನು ಹೊರಗೆ ಹಾಕಬೇಕು. ಸುಮ್ಮನಿದ್ದರೆ ತನುಜ ಆ ಕಾಗದಕ್ಕೆ ಸೈನ್ ಹಾಕಬೇಕು.

ಬರುವ ಸೋಮವಾರ ಇಪ್ಪತ್ತು. ಬೆಳಿಗ್ಗೆ ಹತ್ತಕ್ಕೆ ಡೈರಿ ತಗೊಂಡು ಬಾ ಅಂದಿದ್ದಾರೆ.

ಏಪ್ರಿಲ್ 14, ಮಂಗಳವಾರ

ಬಾಬಾಸಾಹೇಬರ ಜಯಂತಿ. ಬೀದಿಗೆಲ್ಲ ನೀಲಿ ಬಾವುಟ. ಪಾಯಸ. ಗಂಗರಾಜು ಮೈಕಿನವರನ್ನು ಕರೆಸಿದ್ದ. ಅವನೇ ನಮ್ಮ ಯುವಕರ ಸಂಘಕ್ಕೆಲ್ಲ ಮುಂದಾಳು. ಭಾಷಣ ಮುಗಿದ ಮೇಲೆ ಅವನೇ ಹೇಳಿದ, "ಈಗ ನಮ್ಮ ಬೀದಿಯಲ್ಲೇ ಹುಟ್ಟಿದ ಹಾಡು. ದೊಡ್ಡ ಮನೆಯೋರ ಹೆಸರನ್ನ ಬಾಯಿ ಬಿಟ್ಟು ಹೇಳಿದ ಹಾಡು!"

ಚಪ್ಪಾಳೆ. ಢಂಕು ಟಕ.

ಹಾಡು ಮೂರನೇ ಸಾಲಿಗೆ ಬರುವಷ್ಟರಲ್ಲಿ ತನುಜ ಬಂದಳು. ಬಾವಿ ಕಡೆ ಹೋದ ದಿನ ಬಿಟ್ಟರೆ ಒಂದೂವರೆ ತಿಂಗಳಲ್ಲಿ ಮೊದಲ ಸಲ ಬೀದಿಗೆ. ಸೀದಾ ಮೈಕ್ ಸೆಟ್ಟಿನ ಹತ್ತಿರ ಹೋಗಿ ವೈರು ಕಿತ್ತಳು.

"ತನುಜಾ, ಯಾಕಮ್ಮಾ? ನಿಮ್ಮಮ್ಮನ್ನ ಯಾರೂ ಆಡ್ಕೊಂತಿಲ್ಲ. ಇದು ನಮ್ಮೆಲ್ಲರ ಹಾಡು ಈಗ."

"ನಿಮ್ಮೆಲ್ಲರದ್ದಾ? ಹಂಗಾದ್ರೆ ನಿಮ್ ನಿಮ್ಮ ಅಮ್ಮಂದಿರ ಹೆಸ್ರು ಹಾಕಿ ಹಾಡ್ರಣ್ಣಾ. ನಂಗೆ ಒಂದು ಮಾತು ಕೇಳಿದ್ರಾ? ಒಬ್ರಾದ್ರೂ?"

ಗಂಗರಾಜು ತಲೆ ತಗ್ಗಿಸಿದ. ಅವನು ಒಳ್ಳೆಯವನು. ಅವನ ಮಾತೂ ಸುಳ್ಳಲ್ಲ. ಆ ಹೆಸರನ್ನು ಹಗಲಲ್ಲಿ, ಮೈಕಿನಲ್ಲಿ, ನಮ್ಮ ಬೀದಿಯಲ್ಲಿ ಯಾರಾದರೂ ಹೇಳುತ್ತಾರೆ ಅಂತ ನಮ್ಮಪ್ಪ ಕನಸಲ್ಲೂ ನೆನೆಸಿರಲಿಕ್ಕಿಲ್ಲ. ಆದರೂ ಅವಳನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅತ್ತೆಯನ್ನು ಕೇಳಿದೆ, ಹೆಸರು ಹಾಕಲಾ ಅಂತ. ತನುಜಳ ಹೆಸರು ಹಾಕುವಾಗ ಯಾರನ್ನೂ ಕೇಳಲಿಲ್ಲ. ಪ್ರಾಸಕ್ಕೆ ಚೆನ್ನಾಗಿ ಬಂತು ಅಂತ ಹಾಕಿದೆ.

ಏಪ್ರಿಲ್ 15

ಹೇಳಿದೆ. ಅವಳ ಮನೆ ಜಗಲಿಯ ಮೇಲೆ. ಮಾವ ಇರಲಿಲ್ಲ.

"ಬರ್ದೋಳು ನಾನು. ರೆಕಾರ್ಡ್ ಮಾಡಿದ್ದೂ ನಾನೇ."

ತನುಜ ಕೂದಲು ಬಾಚುತ್ತಿದ್ದಳು. ಬಾಚಣಿಗೆ ಅಲ್ಲೇ ನಿಂತಿತು.

"ನೀನಾ ಯಶೋದಕ್ಕಾ? ನಿಂಗೆ ಬಸ್ಸಲ್ಲಿ ಟಿಕೆಟ್ ಕೇಳೋಕೇ ಬಾಯಿ ಬರಲ್ಲ."

ಲಾಯರ್ ಹೇಳಿದ್ದೆಲ್ಲ ಹೇಳಿದೆ. ಡೈರಿಯ ವಿಷಯ. ಆ ಕಾಗದಕ್ಕೆ ಸೈನ್ ಹಾಕಬೇಡ ಅಂದೆ.

"ಅಮ್ಮ ಹೇಳಿದ್ದು ಪೂರಾ ಅದ್ರಲ್ಲಿದ್ಯಾ?"

"ಇದೆ."

"ಹಾಡಲ್ಲಿ ಇಲ್ದಿರೋದೂ?"

"ಇದೆ."

ಬಾಚಣಿಗೆಯನ್ನು ಜಗಲಿಯ ಮೇಲಿಟ್ಟಳು. "ಬಸ್ಸಿನೋರು ಕೇಳಿದ್ರು. ದುಬೈನೋರು ಕೇಳಿದ್ರು. ಇನ್ನು ಜಡ್ಜು ಓದ್ತಾರೆ, ಅವ್ರ ಲಾಯರು ಓದ್ತಾನೆ. ನಮ್ಮಮ್ಮಂದು ಎಲ್ಲರಿಗಿಂತ ಕೊನೇಗೆ ನಂಗೆ. ಅಲ್ವಾ?"

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೋಹನ್‌ಬಾಬುವಿನ ಕಾಗದ ಕಿಟಕಿಯಲ್ಲಿತ್ತು. ಮೇಲೆ ಪೆನ್ನು.

ಏಪ್ರಿಲ್ 17

ಜನವರಿ 18ರ ಪುಟ ಹರಿಯಲು ಹೋದೆ. ಒಂದು ಅಂಗುಲ ಹರಿಯಿತು. ಗೋಂದು ಹಾಕಿ ಅಂಟಿಸಿದೆ.

ಕೆಲಸಕ್ಕೆ ಹೋಗಿಲ್ಲ. ಅಜ್ಜಿ ಮಾತಾಡುತ್ತಿಲ್ಲ. ದಿಬ್ಬೂರಹಳ್ಳಿಯ ಮುದುಕಿ ಸತ್ತಳು. ಅಜ್ಜಿ ಹೋದಳು, ಹಾಡಲಿಲ್ಲವಂತೆ. ಹಾಡು ಅಂತ ಯಾರೂ ಕೇಳಲೂ ಇಲ್ಲವಂತೆ. ಹೆಂಗಸರೆಲ್ಲ ಫೋನುಗಳನ್ನು ಹೊರಗಿಟ್ಟು ಬಂದಿದ್ದರಂತೆ. ಆದರೂ ಒಬ್ಬರ ಸೆರಗನ್ನು ಒಬ್ಬರು ನೋಡುತ್ತಿದ್ದರಂತೆ. ಮುದುಕಿಯ ಹೊರೆ ಇಳಿಯಲೇ ಇಲ್ಲ.

ಇದೂ ನನ್ನದೇ ಕೆಲಸ.

ಏಪ್ರಿಲ್ 19, ಭಾನುವಾರ. ಬೆಳಿಗ್ಗೆ 8

ನಾಳೆ ಇಪ್ಪತ್ತು.

ಕೊನೆ ಪುಟ ತೆಗೆದು ಓದಿದೆ. ಬರೆದ ಮೇಲೆ ಒಂದು ಸಲವೂ ಓದಿರಲಿಲ್ಲ. ಅತ್ತೆ ಹೇಳಿದ ಹಾಗೇ ಇದೆ —

'ಮೂರು ತಿಂಗ್ಳಾಗಿತ್ತು. ತೆಗಿಸ್ಬಿಡಣ ಅಂತ ಚಿಕ್ಕಬಳ್ಳಾಪುರ ಆಸ್ಪತ್ರೆಗೆ ಹೊರಟೆ. ಹೊಟ್ಟೆನೋವು ಅಂತ ಸುಳ್ಳೇಳ್ದೆ. ನಿಮ್ಮಾವ ನಾನೂ ಬತ್ತೀನಿ ಅಂತ ಬಂದ. ಬೆಂಚಿನ ಮೇಲೆ ಕೂತ್ವಿ. ಏನೂ ಕೇಳಲಿಲ್ಲ. ಮಧ್ಯಾನ ಆಯ್ತು, ಹೊರಗೋಗಿ ಬೋಂಡ ತಂದ. ನಾಕು. ಮೂರು ನಂಗೆ ಕೊಟ್ಟು ಒಂದು ಅವ್ನು ತಿಂದ. ನಂಗೆ ಎಲ್ಡು ಸಾಕು ಅಂದೆ. ಮೂರನೇದು ನಿಂಗಲ್ಲ ಅಂದ. ಆಗ ಗೊತ್ತಾಯ್ತು, ಅವ್ನಿಗೆ ಎಲ್ಲಾ ಗೊತ್ತು ಅಂತ. ಅದನ್ನೂ ತಿಂದೆ. ಅದೇ ಬಸ್ಸಿಗೆ ವಾಪಸು ಬಂದ್ವಿ. ಇವತ್ತಿನ್ವರೆಗೂ ಆ ವಿಷ್ಯ ಆಡಿಲ್ಲ ಪುಣ್ಯಾತ್ಮ.'

ಹಾಡಿಗೆ ಕೂರಲಿಲ್ಲ ಅಂತ ಬಿಟ್ಟೆ. ನಗು ಬರುತ್ತದೆ ಅಂತ. ಊರಿಗೆಲ್ಲ ಹುಳುಮನೆ ಹಂಚಿದೆ. ತನುಜಳಿಗೆ ಸೇರಬೇಕಾಗಿದ್ದ ಇದೊಂದನ್ನು ರಾಗಿ ಡ್ರಮ್ಮಿನ ಹಿಂದೆ ಇಟ್ಟುಕೊಂಡಿದ್ದೆ. ಅಲ್ಲಿ ಮಾವನ ಮುದ್ದೆ ಅವಳ ಬಾಗಿಲ ಮುಂದೆ ಆರುತ್ತಿದೆ, ಒಂದೂವರೆ ತಿಂಗಳಿಂದ.

ಹೊರಗೆ ಅಜ್ಜಿಯ ದನಿ. "ಒಳಗವಳೆ, ಹೋಗಮ್ಮ."

ತನುಜ. ಕೈಯಲ್ಲಿ ಆ ಟೈಪಿನ ಕಾಗದ. ಸೈನ್ ಹಾಕಿದ್ದಾಳೋ ಇಲ್ಲವೋ ಇಲ್ಲಿಂದ ಕಾಣುತ್ತಿಲ್ಲ. ಹೊಸ್ತಿಲಲ್ಲಿ ನಿಂತಿದ್ದಾಳೆ.

"ಪುಸ್ತಕ ಕೊಡಕ್ಕಾ. ಕೋರ್ಟಿಗಿಂತ ಮುಂಚೆ ನಾನು ಓದ್ತೀನಿ. ಆಮೇಲೆ ಒಲೆಗೋ ಕೋರ್ಟಿಗೋ, ನಾನೇ ಹೇಳ್ತೀನಿ."

ಒಂದೇ ಸಾಲು ಬರೆದು ಕೊಡ್ತೀನಿ ಇರು ಅಂದೆ. ಕೈ ಚಾಚಿಕೊಂಡೇ ನಿಂತಿದ್ದಾಳೆ. ತನುಜಾ, ಮೊದಲಿಂದ ಓದಬೇಡ. ಕೊನೆ ಪುಟದಿಂದ ಓದು, ನಿಮ್ಮಪ್ಪ ಅಲ್ಲಿದ್ದಾನೆ.